ಲಾಲ್‌ಬಾಗಿನಲ್ಲಿ ನಾಲ್ಕು ಹೆಜ್ಜೆ

ಬೆಂಗಳೂರಿನ ಲಾಲ್‌ಬಾಗನ್ನು ಕೇಳರಿಯದ ಕನ್ನಡಿಗರು ವಿರಳ. 1760ರಲ್ಲಿ ಹೈದರಾಲಿಯು ಆರಂಭಿಸಿದ ಈ ಸಸ್ಯೋದ್ಯಾನವು ಇಂದು ಸುಮಾರು 240 ಎಕರೆಗಳಷ್ಟು ವಿಸ್ತಾರವಾಗಿದೆ. ಜನರು ಫಲಪುಷ್ಪ ಪ್ರದರ್ಶನಕ್ಕೆಂದು ಇಲ್ಲಿಗೆ ಬರುವುದು ವಾಡಿಕೆ. ನಾವು ಬಂದ ಕಾರಣ ಬೇರೆ. ಸ್ತನ ಕ್ಯಾನ್ಸರಿನ ಶಸ್ತ್ರಚಿಕಿತ್ಸೆ ಮುಗಿದು ಕಿಮೋಥೆರಪಿ ನಡೆದಿದ್ದ ನಮ್ಮ ತಂಗಿಯನ್ನು ನಾಲ್ಕು ಹೆಜ್ಜೆ ನಡೆಸುವುದಕ್ಕಾಗಿ 2023ರ ಕಾರ್ತಿಕ ಮಾಸದಲ್ಲಿ ಇಲ್ಲಿಗೆ ಬಂದೆವು.

ತಂಗಿ ಬಾಗಲಕೋಟೆ ಸೀಮೆಯ ಒಕ್ಕಲುಮನೆಯವಳು. ಹಗಲುಹೊತ್ತು ಹಾಸಿಗೆ ಕಂಡವಳಲ್ಲ. ಬೇನೆ ಇಂಥದೆಂದು ತಿಳಿದ ದಿನದಿಂದ ಮನೆಯವರೆಲ್ಲ ಸೇರಿ ಅವಳನ್ನು ಮಂಚಕ್ಕೆ ಒಪ್ಪಿಸಿದೆವು. ನೀರಿನ ತಂಬಿಗೆಯನ್ನೂ ಎತ್ತಗೊಡಲಿಲ್ಲ. ಇದರಲ್ಲಿ ಮುಂದಾಳುಗಳು ನಾವೇ. ಮಠದಲ್ಲಿ ಓದಿ, ಕಾಯಕದ ಹಿರಿಮೆಯನ್ನು ನಾಲ್ಕು ದಶಕ ಊರೂರಿಗೆ ಹೇಳಿದವರು, ಒಡಹುಟ್ಟಿದವಳ ಕೈಯಿಂದಲೇ ಕಾಯಕವನ್ನು ಕಸಿದುಕೊಂಡೆವು. ಹಾಗೆ ಮಾಡಿಸಿದುದು ಪ್ರೀತಿ. ಆದರೆ ಮಲಗಿದಷ್ಟೂ ಅವಳ ದಣಿವು ಹೆಚ್ಚಿತು, ಮಾತು ಕಡಿಮೆಯಾಯಿತು, ಕಾಲು ಸೊರಗಿದುವು.

ಆಸ್ಪತ್ರೆಯ ವೈದ್ಯರು ಅವಳನ್ನು ಪರೀಕ್ಷಿಸಿ ನಮ್ಮತ್ತ ತಿರುಗಿದರು. "ಈ ರೋಗದ ದಣಿವು ಬರೀ ನಿದ್ರೆಯಿಂದ ಹೋಗುವುದಿಲ್ಲ. ಮಲಗಿದಷ್ಟೂ ಸ್ನಾಯುಗಳು ಕರಗುತ್ತವೆ. ನಡೆಸಿರಿ, ಆದರೆ ಅಳತೆಯಿಂದ ನಡೆಸಿರಿ" ಎಂದರು. ಹಿಂದಿನ ಕಾಲದಲ್ಲಿ ವೈದ್ಯರೂ ಇಂಥವರಿಗೆ ವಿಶ್ರಾಂತಿಯನ್ನೇ ಹೇಳುತ್ತಿದ್ದುದುಂಟು. ಈಗ ತಿಳಿವಳಿಕೆ ಬದಲಾಗಿದೆ. ಅನೇಕ ದೇಶಗಳ ತಜ್ಞರು ಕೂಡಿ 2019ರಲ್ಲಿ ಪ್ರಕಟಿಸಿದ ತೀರ್ಮಾನದಂತೆ, ವಾರಕ್ಕೆ 3 ದಿನ, ದಿನಕ್ಕೆ 30 ನಿಮಿಷದ ಸಾಧಾರಣ ವ್ಯಾಯಾಮವು ಕ್ಯಾನ್ಸರ್ ರೋಗಿಗಳ ದಣಿವು, ಆತಂಕ, ಖಿನ್ನತೆಗಳನ್ನು ತಗ್ಗಿಸುತ್ತದೆ. ಇದು ಔಷಧಕ್ಕೆ ಬದಲಿಯಲ್ಲ, ಔಷಧದ ಜೊತೆಗಾರ.

ಮೊದಲ ಬೆಳಗು ಪಶ್ಚಿಮದ ಬಾಗಿಲಿನಿಂದ ಒಳಹೊಕ್ಕೆವು. ಐದು ನಿಮಿಷ ನಡೆಯುವಷ್ಟರಲ್ಲಿ ತಂಗಿ ಒಂದು ಬೆಂಚಿನ ಮೇಲೆ ಕುಳಿತುಬಿಟ್ಟಳು. "ಅಣ್ಣಾ, ಬುಟ್ಟಿ ಇಲ್ದ, ಕೆಲಸ ಇಲ್ದ ಹಿಂಗ ಸುಮ್ನ ಅಡ್ಡಾಡಿದ್ರ ಮಂದಿ ಏನಂದಾರು?" ಎಂದಳು. "ತಂಗೆವ್ವಾ, ಈಗ ಇದೇ ನಿನ್ನ ಕೆಲಸ" ಎಂದೆವು. ಅವಳು ನಕ್ಕಳು. ಬಹಳ ದಿನಗಳ ಮೇಲೆ ನಾವು ಕಂಡ ನಗೆ ಅದು.

ಅಂದಿನಿಂದ ಬೆಂಚುಗಳೇ ನಮ್ಮ ಮೈಲಿಗಲ್ಲುಗಳಾದುವು. ಇಂದು ಒಂದು ಬೆಂಚು, ನಾಲ್ಕು ದಿನ ಬಿಟ್ಟು ಎರಡು. ನಡೆಯುತ್ತ ಮಾತನಾಡಲು ಬರುವಷ್ಟೇ ವೇಗ. ಮಾತು ತಡೆದರೆ ನಿಲ್ಲುವುದು. ಔಷಧ ಏರಿಸಿದ ಮೊದಲ ದಿನಗಳಲ್ಲಿ ಬಿಡದಿಯ ಅಂಗಳದಲ್ಲಿಯೇ ಹತ್ತು ಹೆಜ್ಜೆ. ರಕ್ತದ ಬಿಳಿಕಣಗಳು ಇಳಿದಿವೆಯೆಂದು ವೈದ್ಯರು ಎಚ್ಚರಿಸಿದ ದಿನ ಜನಸಂದಣಿಯ ಕಡೆಗೆ ಹೋಗುತ್ತಿರಲಿಲ್ಲ. ಮೂರನೆಯ ವಾರ ಗಾಜಿನ ಮನೆಯವರೆಗೆ ಬಂದೆವು.

ಅಂದಿನ ಉತ್ಸಾಹದಲ್ಲಿ ಅವಳು ಕೆರೆಯನ್ನೂ ಸುತ್ತಬೇಕೆಂದಳು. ನಾವೂ ತಡೆಯಲಿಲ್ಲ. ಪರಿಣಾಮವಾಗಿ ಎರಡು ದಿನ ಹಾಸಿಗೆ ಬಿಟ್ಟೇಳಲಿಲ್ಲ. ಅತಿವಿಶ್ರಾಂತಿಯಷ್ಟೇ ಅತಿಶ್ರಮವೂ ತಪ್ಪೆಂಬುದು ನಮಗೆ ಹೀಗೆ ಮನದಟ್ಟಾಯಿತು.

ಶಸ್ತ್ರಚಿಕಿತ್ಸೆಯಾದ ಕಡೆಯ ತೋಳು ಮೇಲೇಳುತ್ತಿರಲಿಲ್ಲ. ಗೋಡೆಯ ಮೇಲೆ ಬೆರಳುಗಳನ್ನು ಇರುವೆಯಂತೆ ಮೇಲಕ್ಕೆ ನಡೆಸುವ ಅಭ್ಯಾಸವನ್ನು ಆಸ್ಪತ್ರೆಯಲ್ಲಿ ಕಲಿಸಿದ್ದರು. ಬಿಡದಿಯ ಗೋಡೆಯಲ್ಲೊಂದು ಗೂಡು. ಅದರಲ್ಲಿ ಅವಳ ವಿಭೂತಿ ಗಟ್ಟಿ. ದಿನಕ್ಕೊಂದು ಅಂಗುಲದಂತೆ ಬೆರಳು ಏರಿ, ಒಂದು ಮುಂಜಾನೆ ಆ ಗೂಡನ್ನು ಮುಟ್ಟಿದುವು. ಯಾರ ನೆರವೂ ಇಲ್ಲದೆ ತಾನೇ ವಿಭೂತಿ ತೆಗೆದು ಹಣೆಗೆ ಧರಿಸಿದಳು. ನಾವು ಬಾಗಿಲಲ್ಲಿ ನಿಂತು ನೋಡಿದೆವು. ಒಳಗೆ ಹೋಗಲು ಮನಸ್ಸಾಗಲಿಲ್ಲ.

ಲಾಲ್‌ಬಾಗಿನ ಬಂಡೆಗೆ ಸುಮಾರು 300 ಕೋಟಿ ವರ್ಷಗಳ ವಯಸ್ಸೆಂದು ಭೂವಿಜ್ಞಾನಿಗಳು ಹೇಳುತ್ತಾರೆ. ಅದರ ನೆತ್ತಿಯಲ್ಲಿ ಕೆಂಪೇಗೌಡರ ಗೋಪುರ. ಊರಿಗೆ ಮರಳುವ ಮುನ್ನಾದಿನ ಬುಡದಲ್ಲಿ ನಿಂತ ತಂಗಿ ಒಂದು ಕ್ಷಣ ಮೇಲೆ ನೋಡಿ, "ಇವತ್ತ ಬ್ಯಾಡ ಅಣ್ಣಾ, ಕಲ್ಲು ಎಲ್ಲಿಗೂ ಓಡಿ ಹೋಗೂದಿಲ್ಲ" ಎಂದಳು. ನಮ್ಮ ಶಾಸ್ತ್ರದ ಓದಿಗಿಂತ ಆ ಮಾತಿನಲ್ಲಿ ಹೆಚ್ಚಿನ ವಿವೇಕ ಕಂಡಿತು.

ಇಂಥ ಬೇನೆಯವರು ಮನೆಯಲ್ಲಿದ್ದರೆ ಸದ್ಭಕ್ತರು ಮೊದಲು ವೈದ್ಯರನ್ನು ಕೇಳಬೇಕು. ರೋಗ ಎಲುಬಿಗೆ ಹರಡಿದ್ದರೆ ಯಾವ ಚಲನೆ ಸಲ್ಲದೆಂಬುದನ್ನು ಅವರೇ ಹೇಳಬೇಕು. ಜ್ವರ, ಎದೆನೋವು, ತಲೆಸುತ್ತು ಕಂಡರೆ ನಡಿಗೆಯನ್ನು ನಿಲ್ಲಿಸಿ ಕೂಡಲೇ ಅವರಿಗೆ ತಿಳಿಸಬೇಕು. ಉಳಿದಂತೆ, ಅವರ ಕೈಯ ತಂಬಿಗೆಯನ್ನು ಪ್ರೀತಿಯ ಹೆಸರಿನಲ್ಲಿ ಕಸಿಯದಿರೋಣ. ಕಾಯವಿರುವವರೆಗೆ ಕಾಯಕವುಂಟು, ಅದು ಹತ್ತು ಹೆಜ್ಜೆಯದಾದರೂ ಸರಿ.

ತಂಗಿಯ ಚಿಕಿತ್ಸೆ ಇನ್ನೂ ಮುಗಿದಿಲ್ಲ. ಊರಿನಲ್ಲಿ ಅವಳೀಗ ದಿನವೂ ಮುಂಜಾನೆ ಹೊಲದ ಬದುವಿನವರೆಗೆ ಹೋಗಿ ಬರುತ್ತಾಳೆ. ಅಲ್ಲಿ ಬೆಂಚಿಲ್ಲ, ಬೇವಿನ ಮರವೊಂದಿದೆ. ದಣಿದಾಗ ಅದರಡಿ ಕೂಡುತ್ತಾಳೆ, ಮತ್ತೆ ಏಳುತ್ತಾಳೆ.