ಇಳಿಯೋ ಮುಂಚೆ ನಿಲ್ಲೋದು ಕಲಿತೆ

ನನ್ನ ಎಡ ಮೊಣಕೈ ಮೇಲೆ ಉದ್ದಕ್ಕೊಂದು ಗಾಯದ ಗುರುತಿದೆ. ಆಫೀಸಲ್ಲಿ ಯಾರಾದ್ರೂ ಕೇಳಿದ್ರೆ ‘ಲಾಂಗ್‌ಬೋರ್ಡ್’ ಅಂತೀನಿ. ಸ್ಕೇಟ್‌ಬೋರ್ಡಿನದೇ ಜಾತಿ, ಅದಕ್ಕಿಂತ ಉದ್ದ. ಹತ್ತಿರ ಹತ್ತಿರ 1 ಮೀಟರ್ ಹಲಗೆ, ಅಡಿಗೆ ನಾಲ್ಕು ಮೆತ್ತನೆ ಚಕ್ರ. ಬ್ರೇಕ್ ಇಲ್ಲ. ಅದರ ಮೇಲೆ ನಿಂತು ಗುಡ್ಡದ ರಸ್ತೆ ಇಳಿಯೋ ಆಟಕ್ಕೆ ಡೌನ್‌ಹಿಲ್ ಅಂತಾರೆ.

ನಮ್ಮೂರು ತೀರ್ಥಹಳ್ಳಿ. ಕೆಲಸದ ಮೇಲೆ ಕ್ಯಾಲಿಫೋರ್ನಿಯಾದ ಬರ್ಕ್ಲಿಗೆ ಬಂದು 4 ವರ್ಷ ಆಯ್ತು. ಈ ಊರಿನ ಪೂರ್ವಕ್ಕೆ ಬರೀ ಗುಡ್ಡ. ಸಂಜೆ ಹೊತ್ತು ಹುಡುಗ ಹುಡುಗಿಯರು ಸುಂಯ್ ಅಂತ ಇಳಿದು ಬರೋದು ನೋಡಿ ನನಗೂ ಆಸೆ ಆಯ್ತು. 28ನೇ ವಯಸ್ಸಲ್ಲಿ ಬೋರ್ಡ್ ತಗೊಂಡೆ. ಪಾರ್ಕಿಂಗ್ ಲಾಟಲ್ಲಿ ಎರಡು ವಾರ ಓಡಾಡಿದೆ. ಮೂರನೇ ವಾರ ‘ಇನ್ನೇನು, ಬಂತಲ್ಲ’ ಅಂದ್ಕೊಂಡು ಸೀದಾ ಗುಡ್ಡಕ್ಕೆ ಹೋದೆ.

ಮೊದಲ ಕೆಲವು ಸೆಕೆಂಡು ಚೆನ್ನಾಗೇ ಇತ್ತು. ಆಮೇಲೆ ಬೋರ್ಡ್ ಕಾಲ ಕೆಳಗೆ ಎಡಕ್ಕೂ ಬಲಕ್ಕೂ ಗಡಗಡ ನಡುಗೋಕೆ ಶುರುವಾಯ್ತು. ಇದಕ್ಕೆ ‘ಸ್ಪೀಡ್ ವಾಬಲ್’ ಅಂತಾರೆ ಅನ್ನೋದು ಗೊತ್ತಾಗಿದ್ದು ಬಿದ್ದ ಮೇಲೆ. ಹೆದರಿ ಹಿಂದಕ್ಕೆ ವಾಲಿದೆ. ಹಿಂದಿನ ಕಾಲಿಗೆ ಭಾರ ಹೋದಷ್ಟೂ ಈ ನಡುಕ ಜಾಸ್ತಿ. ಕಣ್ಣು ಬಿಟ್ಟಾಗ ನಾನು ಡಾಂಬರಿನ ಮೇಲಿದ್ದೆ, ಬೋರ್ಡ್ ತನ್ನ ಪಾಡಿಗೆ ಇಳಿದು ಹೋಗ್ತಿತ್ತು. ಹೆಲ್ಮೆಟ್ ಇದ್ದಿದ್ದಕ್ಕೆ ತಲೆ ಉಳೀತು.

ಎರಡು ತಿಂಗಳು ಬೋರ್ಡ್ ಮಂಚದ ಕೆಳಗಿತ್ತು. ಹೊರಗೆ ಯಾರದೋ ಚಕ್ರದ ಸದ್ದು ಕೇಳಿದ್ರೂ ಹೊಟ್ಟೆ ತೊಳಸಿದ ಹಾಗಾಗ್ತಿತ್ತು. ಮನೆಯವರಿಗೆ ಹೇಳಿರಲಿಲ್ಲ. ಒಂದು ಭಾನುವಾರ ವಿಡಿಯೊ ಕಾಲಲ್ಲಿ ಕೂದಲು ಸರಿ ಮಾಡ್ಕೊಳ್ಳೋಕೆ ಕೈ ಎತ್ತಿದೆ, ಅಮ್ಮನ ಕಣ್ಣಿಗೆ ಬಿತ್ತು. ಅಮ್ಮ ಬೈದಿದ್ದನ್ನ ಇಲ್ಲಿ ಬರೆಯಲ್ಲ. ಅಪ್ಪ ಮಾತ್ರ ಸುಮ್ಮನೆ ಕೇಳಿಸಿಕೊಂಡ್ರು. ಅವರು ಆಗುಂಬೆ ಘಾಟಿಯ 14 ತಿರುವಲ್ಲಿ ಮಿನಿ ಬಸ್ ಓಡಿಸಿದವರು.

“ಅದಕ್ಕೆ ಬ್ರೇಕ್ ಎಲ್ಲಿರ್ತದೆ ಮಾರಾಯ್ತಿ?”

“ಬ್ರೇಕ್ ಇರಲ್ಲ ಅಪ್ಪ. ನಾವೇ ಕಾಲಲ್ಲಿ ನಿಲ್ಲಿಸ್ಬೇಕು.”

“ನಿಂಗೆ ನಿಲ್ಸಕ್ಕೆ ಬರ್ತದಾ?”

ನಾನು ಮಾತಾಡಲಿಲ್ಲ.

“ಮತ್ತೆ ಎಂತಕ್ಕೆ ಹತ್ತಿದ್ದು?”

ನಾಚಿಕೆ ಆಯ್ತು. ಆಫೀಸಲ್ಲಿ ರೋಲ್‌ಬ್ಯಾಕ್ ಪ್ಲಾನ್ ಇಲ್ದೆ ಒಂದು ಸಣ್ಣ ರಿಲೀಸ್‌ಗೂ ನಾನು ಒಪ್ಪಲ್ಲ. ನನ್ನ ಮೈಮೂಳೆ ವಿಷಯದಲ್ಲಿ ಆ ಪ್ರಶ್ನೆಯನ್ನೇ ಕೇಳಿಕೊಂಡಿರಲಿಲ್ಲ. ಘಾಟಿ ಡ್ರೈವರ್‌ಗಳ ಹಳೇ ಮಾತೊಂದನ್ನ ಅಪ್ಪ ಚಿಕ್ಕಂದಿನಿಂದ ಹೇಳ್ತಿದ್ರು: ಹತ್ತುವಾಗ ಯಾವ ಗೇರೋ ಇಳಿಯುವಾಗಲೂ ಅದೇ ಗೇರು. ಅದನ್ನೇ ನನ್ನ ಆಟಕ್ಕೆ ಹೊಂದಿಸಿಕೊಂಡೆ. ಎಲ್ಲಿಂದ ಇಳಿದ್ರೆ ನಿಲ್ಲೋಕೆ ಬರುತ್ತೋ ಅಲ್ಲಿವರೆಗೆ ಮಾತ್ರ ಹತ್ತೋದು.

ಮತ್ತೆ ಸಮತಟ್ಟು ಜಾಗಕ್ಕೇ ಹೋದೆ, ಕಾಲಿನ ಬ್ರೇಕ್ ಕಲಿಯೋಕೆ. ಮುಂದಿನ ಕಾಲ ಮೇಲೆ ಪೂರ್ತಿ ಭಾರ, ಮಂಡಿ ಬಗ್ಗಿರಬೇಕು. ಹಿಂದಿನ ಕಾಲನ್ನ ಇಳಿಸಿ ಪಾದ ನೆಲಕ್ಕೆ ಸವರಿದ ಹಾಗೆ ತಾಗಿಸಿ, ನಿಧಾನಕ್ಕೆ ಒತ್ತಬೇಕು. ದಡಕ್ಕನೆ ಒತ್ತಿದ್ರೆ ಮುಗ್ಗರಿಸೋದೇ. ಒಂದು ಜೊತೆ ಶೂ ಇದರಲ್ಲೇ ಸವೀತು.

ಆಮೇಲೆ ಗುಡ್ಡ, ಅದೂ ಬುಡದಿಂದ. ವಾಹನ ಇಲ್ಲದ, ಕೊನೆಯಲ್ಲಿ ತಾನಾಗೇ ಸಮತಟ್ಟಾಗೋ ಒಂದು ರಸ್ತೆ ಹುಡುಕಿದೆ. ಮೊದಲ ಲೈಟ್ ಕಂಬದವರೆಗೆ ನಡೆದು ಹತ್ತಿ, ಇಳಿದು, ಗುರುತು ಮಾಡಿದ ಜಾಗದಲ್ಲಿ ನಿಲ್ಲೋದು. 10 ಸಲ ಹಾಗೆ ನಿಂತ್ರೆ ಮಾತ್ರ ಎರಡನೇ ಕಂಬ. ವೇಗ ಎರಡು ಪಟ್ಟಾದ್ರೆ ನಿಲ್ಲೋಕೆ ಬೇಕಾಗೋ ದೂರ ನಾಲ್ಕು ಪಟ್ಟಾಗುತ್ತೆ ಅಂತ ಪಿಯುಸಿಯಲ್ಲೇ ಓದಿದ್ದೆ. ಅರ್ಥ ಆಗಿದ್ದು ಮೂರನೇ ಕಂಬದಲ್ಲಿ.

ನಡುಕಕ್ಕೂ ಮದ್ದು ಸಿಕ್ತು. ಹಿಂದಕ್ಕೆ ವಾಲೋ ಬದಲು ಮುಂದಿನ ಕಾಲಿಗೆ ಭಾರ ಕೊಟ್ಟು, ಮೈ ತಗ್ಗಿಸಿ, ಪಾದದ ಗಂಟು ಸಡಿಲ ಬಿಡಬೇಕು. ಹೆದರಿದ ಮೈ ಬಿಗಿಯಾಗುತ್ತೆ, ಬಿಗಿಯಾದ ಕಾಲು ನಡುಕವನ್ನ ಹೆಚ್ಚಿಸುತ್ತೆ.

ವೇಗ ಹೆಚ್ಚಾದ ಮೇಲೆ ಕಾಲಿನ ಬ್ರೇಕ್ ಸಾಕಾಗಲ್ಲ. ಆಗ ಬೇಕಾಗೋದು ಸ್ಲೈಡ್. ಇದರಲ್ಲಿ ಹೆಸರಾದ ‘ಕೋಲ್‌ಮನ್ ಸ್ಲೈಡ್’ ಹುಟ್ಟಿದ್ದು ಇದೇ ಬರ್ಕ್ಲಿ ಗುಡ್ಡಗಳಲ್ಲಿ. 1970ರ ದಶಕದಲ್ಲಿ ಕ್ಲಿಫ್ ಕೋಲ್‌ಮನ್ ಅನ್ನೋರು ರೂಢಿಗೆ ತಂದಿದ್ದು. ಅಂಗೈಗೆ ಗಟ್ಟಿ ಪ್ಲಾಸ್ಟಿಕ್ ಬಿಲ್ಲೆ ಇರೋ ಗ್ಲೋವ್ಸ್ ಹಾಕ್ಕೊಂಡು, ಕುಕ್ಕರಗಾಲಲ್ಲಿ ಕೂತಷ್ಟು ಬಗ್ಗಿ, ಹಿಂದುಗಡೆ ಒಂದು ಕೈ ನೆಲಕ್ಕೆ ಊರಿ, ಬೋರ್ಡನ್ನ ರಸ್ತೆಗೆ ಅಡ್ಡ ತಿರುಗಿಸೋದು. ಚಕ್ರಗಳು ಉರುಳೋದು ಬಿಟ್ಟು ಜಾರ್ತಾವೆ, ವೇಗ ಕರಗುತ್ತೆ. ಹೇಳೋಕೆ ಒಂದೇ ವಾಕ್ಯ, ನನಗೆ ಬರೋಕೆ 5 ತಿಂಗಳು.

ಹೋದ ತಿಂಗಳು ಐದನೇ ಕಂಬದಿಂದ ಇಳೀತಿದ್ದೆ. ಮುಂದಿನ ಮನೆಯ ಗ್ಯಾರೇಜಿಂದ ಕಾರೊಂದು ಹಿಂದಕ್ಕೆ ಬಂತು. ಯೋಚನೆ ಮಾಡೋಕೆ ಟೈಮ್ ಇರಲಿಲ್ಲ. ಕೈ ನೆಲಕ್ಕೆ ಹೋಗಿತ್ತು, ಬೋರ್ಡ್ ಅಡ್ಡ ತಿರುಗಿತ್ತು. ಕಾರಿಗೆ ಇನ್ನೂ ಎರಡು ಮಾರು ಇರೋವಾಗ ನಿಂತೆ. ಒಳಗಿದ್ದ ಅಜ್ಜಿ ಕೈ ಬೀಸಿ ಹೋದ್ರು. ನಾನು ಫುಟ್‌ಪಾತ್ ಮೇಲೆ ಕೂತು ನಡುಗಿದೆ, ಆಮೇಲೆ ಒಬ್ಬಳೇ ನಕ್ಕೆ.

ಭಯ ಹೋಗಿದೆಯಾ? ಇಲ್ಲ. ಆದ್ರೆ ಮೊದಲು ಅದು ‘ಬೀಳ್ತೀಯ’ ಅಂತಿತ್ತು. ಈಗ ‘ಇಲ್ಲಿ ನಿಲ್ಲೋಕೆ ಬರುತ್ತಾ?’ ಅಂತ ಅಪ್ಪನ ಥರ ಕೇಳುತ್ತೆ. ಅದಕ್ಕೆ ಉತ್ತರ ಕೊಡಬಹುದು.

ಇದನ್ನೋದಿ ನಂದಿ ಬೆಟ್ಟದ ಕಡೆ ಬೋರ್ಡ್ ತಗೊಂಡು ಹೊರಡಬೇಡಿ, ವಾಹನ ಓಡಾಡೋ ಘಾಟಿ ರಸ್ತೆ ಈ ಆಟಕ್ಕಲ್ಲ. ಹೆಲ್ಮೆಟ್, ಗ್ಲೋವ್ಸ್, ಮಂಡಿಗೆ ಪ್ಯಾಡ್ ಹಾಕ್ಕೊಂಡು ಖಾಲಿ ಮೈದಾನದಲ್ಲಿ ನಿಲ್ಲೋದು ಕಲೀರಿ.

ಗುಡ್ಡದ ತುದಿಯಿಂದ ನಾನಿನ್ನೂ ಇಳಿದಿಲ್ಲ. ಪ್ರತಿ ಭಾನುವಾರ ಅಪ್ಪ “ಎಷ್ಟನೇ ಕಂಬ?” ಅಂತ ಕೇಳ್ತಾರೆ. ಇನ್ನೂ 4 ಬಾಕಿ ಇದೆ.