ನಡುವಿನ ಪಾಯಿಂಟು, ಅಂಚಿನ ಪಾಯಿಂಟು

ಸಭೆ, ಧರಣಿಯ ಸುದ್ದಿ ಅಲ್ಲ. ಒಂದು ಕ್ಯಾಮೆರಾ ರಿಪೇರಿಯ ಕತೆ.

ನಮ್ಮ ಕೇರಿಯ ಮನೆಗಳಲ್ಲಿ ತೀರಿಹೋದ ಹಿರಿಯರ ಫೋಟೋ ನೋಡಿ. ಎಷ್ಟೋ ಫೋಟೋಗಳು ವೋಟರ್ ಐಡಿಯಿಂದ ದೊಡ್ಡದು ಮಾಡಿಸಿದವು. ಗಾಬರಿಯಾದ ಮುಖ, ಹಿಂದೆ ಪರದೆ, ಕಣ್ಣಿರೋ ಕಡೆ ಎರಡು ಕಪ್ಪು ಚುಕ್ಕೆ. ನಮ್ಮ ತಾತಂದು ಅದೂ ಇಲ್ಲ. ತಾತ ಹೇಗಿದ್ದ ಅಂತ ನನ್ನ ಮಗಳು ಕೇಳಿದರೆ ನಾನು ಕೈಯಲ್ಲಿ ಎತ್ತರ ತೋರಿಸಬೇಕು, ಅಷ್ಟೇ.

ಆ ಕೊರಗಿಗೆ 2021ರ ಕೊನೆಯಲ್ಲಿ ನೌಕರರ ಸಹಕಾರ ಸಂಘದಲ್ಲಿ ಸಾಲ ತೆಗೆದು ಒಂದು ಪ್ರೊಫೆಷನಲ್ ಕ್ಯಾಮೆರಾ, ಜೊತೆಗೆ 85 ಎಂಎಂ ಲೆನ್ಸ್ ತಗೊಂಡೆ. ಎರಡೂ ಸೇರಿ 1,40,000 ರೂಪಾಯಿ. ಸಂಬಳದಲ್ಲಿ ತಿಂಗಳು ತಿಂಗಳು 4,500 ಕಟ್. "ಈ ದುಡ್ಡಲ್ಲಿ ಅಡುಗೆಮನೆಗೆ ಟೈಲ್ಸ್ ಹಾಕಿಸಬಹುದಿತ್ತು" ಅಂದಳು ನನ್ನ ಹೆಂಡತಿ. ತಪ್ಪೇನಿಲ್ಲ, ಹಾಕಿಸಬಹುದಿತ್ತು.

2022ರ ಏಪ್ರಿಲ್ 14. ಬಾಬಾಸಾಹೇಬರ ಜಯಂತಿ ದಿನ ಎಲ್ಲರೂ ಒಳ್ಳೆ ಬಟ್ಟೆ ಹಾಕಿರ್ತಾರಲ್ಲ, ಬೆಳಗ್ಗೆಯೇ ಹಿರಿಯರನ್ನೆಲ್ಲ ಅವರವರ ಬಾಗಿಲ ಮುಂದೆ ಕೂರಿಸಿ ಒಬ್ಬೊಬ್ಬರದೇ ಫೋಟೋ ತೆಗೆದೆ. ಪಕ್ಕದ ಮನೆ ಅಜ್ಜಿ, ಎಂಬತ್ತು ದಾಟಿದವಳು, ಪೆಟ್ಟಿಗೆಯಿಂದ ಓಲೆ ತೆಗೆದು ಹಾಕ್ಕೊಂಡು ಬಂದು ಕೂತಳು. "ನಗಬೇಕೇನಪ್ಪ?" ಅಂದಳು. "ನಿನ್ನಿಷ್ಟ ಅಜ್ಜಿ" ಅಂದೆ. ಅಜ್ಜಿ ನಗಲಿಲ್ಲ, ನೇರ ನನ್ನ ಕಡೆ ನೋಡಿದಳು.

ರಾತ್ರಿ ಕಂಪ್ಯೂಟರಿಗೆ ಹಾಕಿ ನೋಡಿದರೆ ಎದೆ ಧಸಕ್ಕಂತು. ಓಲೆಯ ಒಂದೊಂದು ಹರಳೂ ಎಣಿಸಬಹುದು, ಕಣ್ಣು ಮಾತ್ರ ಮಂಜು. ಇಪ್ಪತ್ತಮೂರು ಜನರಲ್ಲಿ ಹದಿನೆಂಟು ಜನರದ್ದು ಹಾಗೇ. ಕಿವಿ ಸ್ಪಷ್ಟ, ಕಣ್ಣು ಮಸುಕು.

ಮೊದಲು ನನ್ನನ್ನೇ ಬೈಕೊಂಡೆ. ಕೈ ನಡುಗಿರಬೇಕು, ನನಗೆ ಬರಲ್ಲ, ಯಾಕೆ ಬೇಕಿತ್ತು ಅಂತ. ಏನೇ ಕೆಟ್ಟರೂ ಮೊದಲು ತಪ್ಪು ನಮ್ಮದೇ ಅಂದುಕೊಳ್ಳೋದು ನಮಗೆ ಚಿಕ್ಕಂದಿನಿಂದ ಅಭ್ಯಾಸ. ಒಂದು ತಿಂಗಳು ಹೀಗೇ ಹೋಯ್ತು.

ಮೇ ತಿಂಗಳಲ್ಲಿ ಒಂದು ದಿನ ಸಿ.ಎಲ್. ಹಾಕಿ ಕೋಲಾರದಿಂದ ಬಸ್ ಹತ್ತಿ ಬೆಂಗಳೂರಿನ ಸರ್ವಿಸ್ ಸೆಂಟರಿಗೆ ಹೋದೆ. ಯಾವ ಕಂಪನಿ ಅಂತ ಇಲ್ಲಿ ಬರೆಯಲ್ಲ. ಕೌಂಟರಿನ ಹುಡುಗ ಕ್ಯಾಮೆರಾ ಇಟ್ಟುಕೊಂಡು ವಾರ ಬಿಟ್ಟು ಬನ್ನಿ ಅಂದ. ಮತ್ತೆ ರಜೆ, ಮತ್ತೆ ಬಸ್ಸು. ಜಾಬ್ ಶೀಟಿನಲ್ಲಿ ಬರೆದಿದ್ದು: ಸೆನ್ಸರ್ ಕ್ಲೀನ್ ಮಾಡಲಾಗಿದೆ, ಸಾಫ್ಟ್‌ವೇರ್ ಅಪ್‌ಡೇಟ್ ಮಾಡಲಾಗಿದೆ, ದೋಷ ಕಂಡುಬಂದಿಲ್ಲ.

"ಕ್ಯಾಮೆರಾ ಪರ್ಫೆಕ್ಟ್ ಇದೆ ಸಾರ್. ಏನ್ ಕೆಲಸ ಮಾಡ್ತೀರಾ?"

"ಕ್ಲರ್ಕು."

"ಓ, ಹಾಬಿನಾ? ಇದು ಪ್ರೊಫೆಷನಲ್ ಬಾಡಿ ಸಾರ್. ಕೈ ಕೂರೋಕೆ ಟೈಮ್ ಬೇಕು. ನಮ್ಮದೇ ವರ್ಕ್‌ಶಾಪ್ ನಡೆಯುತ್ತೆ, ಬನ್ನಿ."

ಹುಡುಗ ಒರಟಾಗೇನೂ ಮಾತಾಡಲಿಲ್ಲ. ನಗ್ತಾನೇ ಹೇಳಿದ. ಅದಕ್ಕೇ ವಾಪಸ್ ಬರೋ ಬಸ್ಸಿನಲ್ಲಿ ಹೊಸಕೋಟೆ ದಾಟೋವರೆಗೂ ಏನು ಉತ್ತರ ಕೊಡಬೇಕಿತ್ತು ಅಂತ ಹೊಳೀಲಿಲ್ಲ.

ಆಮೇಲೆ ಕೂತು ಓದಿದೆ. ನಾನು ತಿಳ್ಕೊಂಡಿದ್ದು ಇಷ್ಟು. ಡಿಎಸ್‌ಎಲ್‌ಆರ್ ಒಳಗಡೆ ಲೆನ್ಸಿನಿಂದ ಬಂದ ಬೆಳಕು ಒಂದು ಕನ್ನಡಿಗೆ ಬಡಿದು ಮೇಲೆ ವ್ಯೂಫೈಂಡರಿಗೆ ಹೋಗುತ್ತೆ. ಆ ಕನ್ನಡಿಯಲ್ಲಿ ಸ್ವಲ್ಪ ಬೆಳಕು ದಾಟಿ ಹಿಂದಕ್ಕೂ ಹೋಗೋ ಹಾಗಿರುತ್ತೆ. ಅಲ್ಲಿ ಇನ್ನೊಂದು ಪುಟ್ಟ ಕನ್ನಡಿ ಇದೆ, ಸಬ್ ಮಿರರ್ ಅಂತಾರೆ. ಅದು ಬೆಳಕನ್ನ ಕೆಳಗಡೆ ಇರೋ ಫೋಕಸ್ ಸೆನ್ಸರಿಗೆ ತಿರುಗಿಸುತ್ತೆ. ಆದರೆ ಚಿತ್ರ ಮೂಡೋದು ಹಿಂದಿರೋ ಬೇರೆ ಸೆನ್ಸರ್ ಮೇಲೆ. ಬೆಳಕು ಈ ಎರಡು ದಾರಿಯಲ್ಲಿ ಹೋಗೋ ದೂರ ಒಂದೇ ಇರಬೇಕು. ಸಬ್ ಮಿರರ್ ಒಂಚೂರು ಓರೆಯಾದರೂ ಕ್ಯಾಮೆರಾ "ಫೋಕಸ್ ಆಯ್ತು" ಅಂತ ಬೀಪ್ ಮಾಡುತ್ತೆ, ಚಿತ್ರ ಮಸುಕಾಗುತ್ತೆ.

ಲೈವ್ ವ್ಯೂ ಹಾಕಿದಾಗ ಕನ್ನಡಿ ಮೇಲಕ್ಕೆ ಎದ್ದು, ಚಿತ್ರ ಮೂಡೋ ಸೆನ್ಸರೇ ಫೋಕಸ್ ನೋಡುತ್ತೆ. ಹಾಗಾಗಿ ಅದೇ ಜಾಗ ಲೈವ್ ವ್ಯೂನಲ್ಲಿ ಸ್ಪಷ್ಟ, ವ್ಯೂಫೈಂಡರಿನಲ್ಲಿ ಮಸುಕು ಅಂತಾದರೆ ಲೆನ್ಸ್ ಚೆನ್ನಾಗಿದೆ, ನಿಮ್ಮ ಕೈಯೂ ಚೆನ್ನಾಗಿದೆ. ತಪ್ಪು ಆ ಕನ್ನಡಿ, ಫೋಕಸ್ ಸೆನ್ಸರಿನ ದಾರಿಯಲ್ಲಿದೆ.

ಇದು ನನಗೊಬ್ಬನಿಗೇ ಆಗಿದ್ದೂ ಅಲ್ಲ. 2007ರಲ್ಲಿ ಬಂದ ಕ್ಯಾನನ್ 1ಡಿ ಮಾರ್ಕ್ 3, ದೊಡ್ಡ ದೊಡ್ಡ ಸ್ಪೋರ್ಟ್ಸ್ ಫೋಟೋಗ್ರಾಫರುಗಳ ಕ್ಯಾಮೆರಾ, ಫೋಕಸ್ ಸರಿಯಿಲ್ಲ ಅಂತ ದೂರು ಬಂದು, ಅದೇ ವರ್ಷ ಕಂಪನಿಯೇ ಸಬ್ ಮಿರರ್ ಸರಿಮಾಡಿಕೊಡ್ತೀವಿ ಅಂತ ಹೇಳಬೇಕಾಯ್ತು. 2012ರ ನಿಕಾನ್ ಡಿ800ನಲ್ಲಿ ಎಡಗಡೆ ಪಾಯಿಂಟುಗಳ ಬಗ್ಗೆ ಎಷ್ಟೋ ಜನ ದೂರಿದ್ದರು. ಅವರಿಗೆಲ್ಲ ಕೈ ನಡುಗ್ತಿತ್ತಾ?

ಒಂದು ಭಾನುವಾರ ಮನೆ ಗೋಡೆಗೆ ದಿನಪತ್ರಿಕೆ ಹಾಳೆಗಳನ್ನ ಅಂಟಿಸಿದೆ. ಹತ್ತಡಿ ದೂರದಲ್ಲಿ ಟ್ರೈಪಾಡ್. ಅಪರ್ಚರ್ 1.8, ಮುಟ್ಟಿದರೆ ಅಲುಗಬಾರದು ಅಂತ ಟೈಮರ್. ಪ್ರತಿ ಸಲವೂ ಫೋಕಸ್ ಕೆಡಿಸಿ, ಮತ್ತೆ ಹೊಸದಾಗಿ ಹಿಡಿದು, ಒಂದೊಂದು ಪಾಯಿಂಟಿಗೂ ಹತ್ತು ಫೋಟೋ. ನಡುವಿನ ಪಾಯಿಂಟು: ಹತ್ತಕ್ಕೆ ಒಂಬತ್ತು ಸರಿ. ಬಲ ಅಂಚಿನ ಪಾಯಿಂಟು: ಹತ್ತಕ್ಕೆ ಒಂದು. ಅದೇ ಅಂಚನ್ನ ಲೈವ್ ವ್ಯೂನಲ್ಲಿ ಹಿಡಿದರೆ ಹತ್ತಕ್ಕೆ ಹತ್ತು.

ಆಗ ಗೊತ್ತಾಯ್ತು. ಸರ್ವಿಸ್ ಸೆಂಟರಿನಲ್ಲಿ ಅವರು ನಡುವಿನ ಪಾಯಿಂಟು ಮಾತ್ರ ನೋಡಿರಬೇಕು. ನಾನು ಮುಖದ ಫೋಟೋ ತೆಗೆಯೋವಾಗ ಕ್ಯಾಮೆರಾ ನೆಟ್ಟಗೆ ತಿರುಗಿಸಿ ಹಿಡೀತೀನಿ, ಕಣ್ಣು ಬರೋದು ಆ ಅಂಚಿಗೆ. ಮೆನುವಿನಲ್ಲಿ ಫೈನ್ ಟ್ಯೂನ್ ಅಂತ ಒಂದಿದೆ, ಆದರೆ ಅದು ಎಲ್ಲ ಪಾಯಿಂಟುಗಳನ್ನೂ ಒಟ್ಟಿಗೆ ಸರಿಸುತ್ತೆ. ಅಂಚು ಸರಿ ಮಾಡೋಕೆ ಹೋದರೆ ನಡು ಕೆಡುತ್ತೆ. ಇದು ಕಂಪನಿಯೇ ಬಿಚ್ಚಿ ಸರಿಮಾಡಬೇಕಾದ ದೋಷ.

ನಡುವಲ್ಲಿ ನಿಂತು ನೋಡಿದೋರಿಗೆ ಎಲ್ಲ ಸರಿಯಾಗೇ ಕಾಣುತ್ತೆ. ಊರಿನ ಅಂಚಲ್ಲಿ ಹುಟ್ಟಿದ ನನಗೆ ಇದನ್ನ ಯಾರೂ ಬಿಡಿಸಿ ಹೇಳಬೇಕಾಗಿಲ್ಲ.

ಜೂನ್‌ನಲ್ಲಿ ಎರಡನೇ ಸಲ ಹೋದೆ. ಪೆನ್ ಡ್ರೈವ್ ಕೊಟ್ಟೆ, ಹುಡುಗ ತೆರೆಯಲೇ ಇಲ್ಲ. ಅದೇ ಜಾಬ್ ಶೀಟು, ಅದೇ "ದೋಷ ಕಂಡುಬಂದಿಲ್ಲ".

ಜುಲೈ ಮೊದಲ ವಾರ ಅಜ್ಜಿ ತೀರಿಕೊಂಡಳು.

ಮೊಮ್ಮಗ ಮನೆಗೆ ಬಂದ. "ಅಣ್ಣ, ಜಯಂತಿ ದಿನ ತೆಗೆದ್ಯಲ್ಲ, ಅದು ಕೊಡು. ಫ್ರೇಮ್ ಹಾಕಿಸ್ಬೇಕು." ನಾನು ಫೋಟೋ ತೋರಿಸಿದೆ, ಕಣ್ಣು ಸರಿ ಬಂದಿಲ್ಲ ಕಣೋ ಅಂದೆ. ಅವನು ಸ್ವಲ್ಪ ಹೊತ್ತು ನೋಡಿದ. "ನಮಗೆ ಕಾಣ್ತದೆ ಬಿಡಣ್ಣ" ಅಂದ.

ಆ ರಾತ್ರಿ ಕೂತು ಪತ್ರ ಬರೆದೆ. ನನಗೆ ಕ್ಯಾಮೆರಾ ಹೊಸದು, ಪತ್ರ ಹಳೇದು. ಇಪ್ಪತ್ತು ವರ್ಷದಿಂದ ಅದೇ ಕೆಲಸ. ಬಾಡಿ ಸೀರಿಯಲ್ ನಂಬರು, ಖರೀದಿ ದಿನಾಂಕ, ವಾರಂಟಿ ಅವಧಿ, ಎರಡು ಜಾಬ್ ಶೀಟುಗಳ ನಂಬರು. ಪರೀಕ್ಷೆಯ ಫಲಿತಾಂಶ ಟೇಬಲ್ ಮಾಡಿ ಹಾಕಿದೆ, ಫೋಟೋ ಪ್ರಿಂಟುಗಳನ್ನ ಲಗತ್ತಿಸಿದೆ. ಕೇಳಿದ್ದು ಎರಡೇ: ಎಲ್ಲ ಪಾಯಿಂಟುಗಳನ್ನೂ ಪರೀಕ್ಷಿಸಿ ಫಲಿತಾಂಶ ಲಿಖಿತವಾಗಿ ಕೊಡಿ, ದೋಷ ಇದ್ದರೆ ವಾರಂಟಿಯಲ್ಲಿ ಸರಿಮಾಡಿ. ಹದಿನೈದು ದಿನದಲ್ಲಿ ಉತ್ತರ ಬಾರದಿದ್ದರೆ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ಕೋಲಾರದ ಜಿಲ್ಲಾ ಆಯೋಗಕ್ಕೆ ಹೋಗ್ತೀನಿ ಅಂತ ಕೊನೆ ಸಾಲು. ಒಂದು ಪ್ರತಿ ಸರ್ವಿಸ್ ಸೆಂಟರಿಗೆ, ಒಂದು ಮುಖ್ಯ ಕಚೇರಿಗೆ, ಸ್ವೀಕೃತಿ ಸಮೇತ ರಿಜಿಸ್ಟರ್ ಪೋಸ್ಟ್.

ಒಂಬತ್ತನೇ ದಿನ ಫೋನ್ ಬಂತು. "ಸಾರ್, ಕ್ಯಾಮೆರಾ, ಲೆನ್ಸ್ ಎರಡೂ ತಗೊಂಡು ಬನ್ನಿ."

ಈ ಸಲ ಒಳಗಿನಿಂದ ಒಬ್ಬರು ಹಿರಿಯ ಎಂಜಿನಿಯರ್ ಬಂದರು. ನನ್ನ ಟೇಬಲನ್ನ ಬೆರಳಿಟ್ಟು ಸಾಲು ಸಾಲಾಗಿ ಓದಿದರು. "ಇದನ್ನ ನೀವೇ ಮಾಡಿದ್ರಾ?" ಅಂದರು. ಹೌದು ಅಂದೆ. "ನಾವು ಸೆಂಟರ್ ಪಾಯಿಂಟ್ ಮಾತ್ರ ಚೆಕ್ ಮಾಡಿದ್ವಿ ಸಾರ್, ತಪ್ಪಾಯ್ತು" ಅಂದರು. ದೊಡ್ಡ ಮನುಷ್ಯ. ಹಾಗನ್ನೋದಕ್ಕೂ ಧೈರ್ಯ ಬೇಕು.

ಹದಿನೇಳು ದಿನ ಇಟ್ಟುಕೊಂಡರು. ಆಗಸ್ಟ್‌ನಲ್ಲಿ ಬಂತು. ಜಾಬ್ ಶೀಟಿನಲ್ಲಿ: ಸಬ್ ಮಿರರ್ ಹೊಂದಿಸಲಾಗಿದೆ, ಆಟೋಫೋಕಸ್ ಕ್ಯಾಲಿಬ್ರೇಷನ್ ಮಾಡಲಾಗಿದೆ, ಶುಲ್ಕ ಇಲ್ಲ. ಸಹಿ ಹಾಕೋ ಮುಂಚೆ ಕೌಂಟರಿನಲ್ಲೇ ಬಲ ಅಂಚಿನ ಪಾಯಿಂಟಿಗೆ ಹತ್ತು ಫೋಟೋ ತೆಗೆದೆ. ಕೌಂಟರಿನ ಹುಡುಗನ ಮುಖವೇ ಫೋಟೋಗೆ. ಹತ್ತಕ್ಕೆ ಒಂಬತ್ತರಲ್ಲಿ ರೆಪ್ಪೆಗೂದಲು ಎಣಿಸಬಹುದಿತ್ತು. ಅವನೂ ನಕ್ಕ, ನಾನೂ ನಕ್ಕೆ.

ಇದನ್ನ ಯಾಕೆ ಬರೆದೆ ಅಂದರೆ, ಕ್ಯಾಮೆರಾ ಇರಲಿ, ಫ್ರಿಜ್ಜು, ಮೊಬೈಲ್ ಇರಲಿ, "ನಿಮಗೆ ಬಳಸೋಕೆ ಬರಲ್ಲ" ಅಂದ ತಕ್ಷಣ ತಲೆ ತಗ್ಗಿಸಿ ಬರಬೇಡಿ. ಮನೇಲಿ ಪರೀಕ್ಷೆ ಮಾಡಿ, ಬರೆದಿಡಿ. ಪ್ರತಿ ಸಲವೂ ಜಾಬ್ ಶೀಟ್ ಕೇಳಿ ಇಸ್ಕೊಳ್ಳಿ, ಬಾಯಿಮಾತು ನಂಬಬೇಡಿ. 1915ಕ್ಕೆ ಫೋನ್ ಮಾಡಿದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ ಸಿಗುತ್ತೆ. ನೀವು ಕೊಟ್ಟ ಹಣ 5 ಲಕ್ಷದೊಳಗಿದ್ದರೆ ಜಿಲ್ಲಾ ಆಯೋಗದಲ್ಲಿ ದೂರಿಗೆ ಶುಲ್ಕ ಇಲ್ಲ. ಕಂಪನಿ ಎಲ್ಲೇ ಇರಲಿ, ನೀವು ಇರೋ ಜಿಲ್ಲೆಯಲ್ಲೇ ದೂರು ಕೊಡಬಹುದು, ಲಾಯರ್ ಇರಲೇಬೇಕು ಅಂತಿಲ್ಲ. ಎರಡು ವರ್ಷದೊಳಗೆ ಕೊಡಬೇಕು, ಅದು ನೆನಪಿರಲಿ.

ಆಮೇಲೆ ಉಳಿದ ಹಿರಿಯರನ್ನೆಲ್ಲ ಮತ್ತೆ ಕೂರಿಸಿ ಫೋಟೋ ತೆಗೆದೆ. ಎಲ್ಲರ ಕಣ್ಣೂ ಬಂದಿದೆ. ಪಕ್ಕದ ಮನೆ ಗೋಡೆ ಮೇಲೆ ಮಾತ್ರ ಅದೇ ಏಪ್ರಿಲ್ ಫೋಟೋ ಇದೆ. ದಿನಾ ಆಫೀಸಿಗೆ ಹೋಗೋವಾಗ ಬಾಗಿಲಿನಿಂದ ಕಾಣುತ್ತೆ. ಓಲೆ ಹೊಳೀತಿರುತ್ತೆ.

ಜೈ ಭೀಮ್.