ಒದ್ದೆ ಬಟ್ಟೆಯ ಗಡುವು

ಕುಮಾರವ್ಯಾಸನ ಬಗ್ಗೆ ಗದುಗಿನಲ್ಲಿ ಒಂದು ಐತಿಹ್ಯವಿದೆ. ವೀರನಾರಾಯಣನ ಗುಡಿಯಲ್ಲಿ ಮಿಂದು, ಒದ್ದೆ ಬಟ್ಟೆಯಲ್ಲೇ ಕಂಬಕ್ಕೊರಗಿ ಕೂತು ಕಾವ್ಯ ಹೇಳುತ್ತಿದ್ದನಂತೆ. ಬಟ್ಟೆ ಆರಿದ ಕೂಡಲೇ ಆ ದಿನದ ಸ್ಫೂರ್ತಿಯೂ ನಿಲ್ಲುತ್ತಿತ್ತಂತೆ. ಇದನ್ನು ದೈವಕೃಪೆಯ ಕಥೆಯೆಂದೇ ಹೇಳಿಕೊಂಡು ಬಂದಿದ್ದೇವೆ. ಕೃಪೆಯ ಮಾತನ್ನು ಭಕ್ತರಿಗೆ ಬಿಟ್ಟರೂ ಕಥೆಯಲ್ಲಿ ಸಾಕಷ್ಟು ಉಳಿಯುತ್ತದೆ: ದಿನವೂ ಅದೇ ಕಂಬ, ಕೂರುವ ಮುನ್ನ ತಪ್ಪದ ಸ್ನಾನ, ಮೇಲೊಂದು ಗಡುವು. ಗದುಗಿನ ಬಿಸಿಲಿಗೆ ಬಟ್ಟೆ ಎಷ್ಟು ಹೊತ್ತು ಒದ್ದೆಯಿದ್ದೀತು! ಜೊತೆಗೆ ಭಾಮಿನಿ ಷಟ್ಪದಿ ಬೇರೆ; ಆರು ಸಾಲು, ಎಣಿಸಿದ ಮಾತ್ರೆ, ಬಿಡುವಂತಿಲ್ಲದ ಆದಿಪ್ರಾಸ. ಏನು ಹೇಳಬೇಕೆಂಬುದು ವ್ಯಾಸಭಾರತದಲ್ಲಿತ್ತು, ಎಷ್ಟರಲ್ಲಿ ಹೇಳಬೇಕೆಂಬುದು ಛಂದಸ್ಸಿನಲ್ಲಿತ್ತು. ತಲೆ ಬರಿದಾದದ್ದರಿಂದ ಲೇಖನಿ ನಿಂತಿತು ಎಂದು ನಾವು ಗೋಳಾಡುತ್ತೇವೆ. ನನಗನ್ನಿಸುವಂತೆ, ಹೇಗೆ ಬೇಕಾದರೂ, ಯಾವಾಗ ಬೇಕಾದರೂ ಬರೆಯಬಹುದೆಂಬ ಸಲುಗೆಯೇ ಅದನ್ನು ನಿಲ್ಲಿಸುವುದು.

ಐತಿಹ್ಯವನ್ನು ಸಾಕ್ಷ್ಯವೆಂದು ಒಪ್ಪದವರು 1866ರ ಪೀಟರ್ಸ್‌ಬರ್ಗಿಗೆ ಹೋಗಬಹುದು. ಸಾಲದಲ್ಲಿ ಮುಳುಗಿದ್ದ ದಾಸ್ತೋಯೆವ್‌ಸ್ಕಿ ಸ್ಟೆಲ್ಲೋವ್‌ಸ್ಕಿ ಎಂಬ ಪ್ರಕಾಶಕನಿಗೆ ಕರಾರು ಬರೆದುಕೊಟ್ಟಿದ್ದ. ನವೆಂಬರ್ 1ರೊಳಗೆ ಹೊಸ ಕಾದಂಬರಿ ಕೊಡದಿದ್ದರೆ, ಮುಂದಿನ ಒಂಬತ್ತು ವರ್ಷ ಅವನು ಬರೆದದ್ದನ್ನೆಲ್ಲ ಬಿಡಿಗಾಸು ಕೊಡದೆ ಅಚ್ಚುಹಾಕುವ ಹಕ್ಕು ಪ್ರಕಾಶಕನದು. ಅಕ್ಟೋಬರ್ ಬಂದರೂ ಕಾದಂಬರಿ ಶುರುವಾಗಿರಲಿಲ್ಲ. ಕೊನೆಗೆ ಶೀಘ್ರಲಿಪಿ ಬಲ್ಲ ಅನ್ನಾ ಎಂಬ ತರುಣಿಯನ್ನು ಕರೆಸಿ, 26 ದಿನಗಳಲ್ಲಿ ‘ಜೂಜುಕೋರ’ನನ್ನು ಹೇಳಿ ಬರೆಸಿದ. (ಮರುವರ್ಷ ಅವಳನ್ನೇ ಮದುವೆಯೂ ಆದ.) ಇಲ್ಲಿ ಗಡುವಿನಷ್ಟೇ ಕೆಲಸ ಮಾಡಿದ್ದು ಎದುರಿಗೆ ಕೂತ ಜೀವ. ಖಾಲಿ ಹಾಳೆ ಎಷ್ಟು ದಿನ ಬೇಕಾದರೂ ಕಾಯುತ್ತದೆ. ಪೆನ್ಸಿಲ್ ಹಿಡಿದು ಕೂತವಳ ಮುಂದೆ ಸುಮ್ಮನಿರುವುದು ಕಷ್ಟ.

ಒತ್ತಡಕ್ಕೆ ಬರೆದದ್ದು ಜೊಳ್ಳಾಗುವುದಿಲ್ಲವೇ ಎಂದು ಕೇಳಬಹುದು. ಆಗುತ್ತದೆ, ಎಷ್ಟೋ ಸಲ. ಬಿಡುವಿನಲ್ಲಿ ಬರೆದದ್ದೂ ಆಗುತ್ತದೆ. 1980ರಲ್ಲಿ ವಾರಪತ್ರಿಕೆ ಶುರುಮಾಡಿದ ಪಿ. ಲಂಕೇಶರಿಗೆ ವಾರವಾರವೂ ‘ಟೀಕೆ ಟಿಪ್ಪಣಿ’ ಬರೆಯಲೇಬೇಕಿತ್ತು. ‘ನೀಲು’ ಎಂಬ ಪುಟ್ಟ ಪದ್ಯಗಳು ಹುಟ್ಟಿದ್ದೂ ಅದೇ ಪತ್ರಿಕೆಯ ಪುಟಗಳಲ್ಲಿ. ಅವನ್ನು ಜೊಳ್ಳೆನ್ನುವ ಓದುಗರು ಕಡಿಮೆ. ಕುವೆಂಪು ‘ಶ್ರೀ ರಾಮಾಯಣ ದರ್ಶನಂ’ಗೆ ಸುಮಾರು ಹತ್ತು ವರ್ಷ ತೆಗೆದುಕೊಂಡರಲ್ಲ ಎಂಬ ಆಕ್ಷೇಪ ಇನ್ನಷ್ಟು ಗಟ್ಟಿ. ಆದರೆ ನಿಧಾನವಾಗಿ ಬರೆಯುವುದೇ ಬೇರೆ, ಬರೆಯಲಾಗದೆ ಕೂರುವುದೇ ಬೇರೆ. ಅವರೂ ಕಥೆ ವಾಲ್ಮೀಕಿಯದೆಂದೂ ನಡೆ ಮಹಾಛಂದಸ್ಸಿನದೆಂದೂ ಗೆರೆ ಎಳೆದುಕೊಂಡೇ ಹೊರಟವರು. ಸಾವು, ಕಾಯಿಲೆ ಕೈಕಟ್ಟಿಹಾಕಿದಾಗ ಮಾತ್ರ ಈ ವಾದ ನಿಲ್ಲದು; ಅಲ್ಲಿ ಗಡುವು ಹೇರುವುದು ಕ್ರೌರ್ಯ.

ಉಳಿದವರು ಸ್ಫೂರ್ತಿ ಬರಲಿ ಎಂದು ಕಾಯುವುದನ್ನು ಬಿಟ್ಟು, ಯಾರಾದರೊಬ್ಬರಿಗೆ ಶುಕ್ರವಾರದೊಳಗೆ ಎರಡು ಪುಟ ಕೊಡುತ್ತೇನೆಂದು ಒಪ್ಪಿಕೊಳ್ಳಿ. ಆ ವ್ಯಕ್ತಿ ಕೊಂಚ ಕಟುವಾಗಿ ಕೇಳುವವರಾಗಿರಲಿ.